ಮೇಡಂ ಕೇಳದೇ ಇದ್ದ ಹೊಸ ದನಿ

ಕಡೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಆಸಿಮ್‌ನ ಅಂಗಡಿಯಿದೆ. ಅವನ ತಂದೆ ಶೌಕತ್ ಅಲಿಯವರ ಕಾಲದಲ್ಲಿ ಅಲ್ಲಿ ರೇಡಿಯೊ ರಿಪೇರಿ ನಡೆಯುತ್ತಿತ್ತು. ಆಮೇಲೆ ಟೀವಿ ಬಂತು, ಈಗ ಕಂಪ್ಯೂಟರ್. ಆಸಿಮ್ ಕಾಲೇಜನ್ನು ಅರ್ಧಕ್ಕೆ ಬಿಟ್ಟವನು. ಹಳೇ ಪೇಪರ್ ಅಂಗಡಿಯಲ್ಲಿ ಸಿಕ್ಕಿದ ಒಂದು ಮಾಸಪತ್ರಿಕೆಗೆ ಅಂಟಿಸಿದ್ದ ಸೀಡಿಯಿಂದ ಲಿನಕ್ಸ್ ಎಂಬ, ಕಂಪ್ಯೂಟರ್ ನಡೆಸುವ ಪುಕ್ಕಟೆ ಸಾಫ್ಟ್‌ವೇರ್ ಕಲಿತ. ಸುತ್ತಮುತ್ತಲ ಕಚೇರಿಯವರು, ಟ್ಯೂಷನ್ನಿನವರು ನಿಧಾನವಾಯಿತೆಂದು ಮೂಲೆಗೆ ಹಾಕಿದ ಕಂಪ್ಯೂಟರುಗಳನ್ನು ತಂದು, ದೂಳು ಜಾಡಿಸಿ, ಲಿನಕ್ಸ್ ಹಾಕಿ ಓಡುವ ಹಾಗೆ ಮಾಡಿಕೊಡುವುದರಲ್ಲಿ ಅವನ ಕೈ ಪಳಗಿತ್ತು. "ಸ್ಟೇಬಲ್ ಹಾಕಿದೀನಿ ಕಣ್ರೀ, ಇನ್ನೆರಡು ವರ್ಷ ನನ್ ಮುಖ ನೋಡಂಗಿಲ್ಲ" ಎಂದು ಗಿರಾಕಿಗಳಿಗೆ ಹೇಳಿ ಕಳಿಸುತ್ತಿದ್ದ.

ಆ ಮಾತು ಬರೀ ಜಂಬದ್ದಲ್ಲ. ಅವನು ಹಾಕುತ್ತಿದ್ದ ಲಿನಕ್ಸ್‌ನಲ್ಲಿ ಸ್ಟೇಬಲ್ ಅನ್ನುವ ಶಾಖೆಯೇ ಬೇರೆ, ಟೆಸ್ಟಿಂಗ್ ಅನ್ನುವ ಶಾಖೆಯೇ ಬೇರೆ. ಸ್ಟೇಬಲ್‌ನಲ್ಲಿ ಇರುವುದೆಲ್ಲ ಸ್ವಲ್ಪ ಹಳೆಯದು, ಆದರೆ ಸಾವಿರಾರು ಜನ ಬಳಸಿ, ತಪ್ಪು ಹುಡುಕಿ, ತಿದ್ದಿ ಮುಗಿಸಿದ್ದು. ಟೆಸ್ಟಿಂಗ್‌ನಲ್ಲಿ ಹೊಸದೆಲ್ಲ ಬೇಗ ಸಿಗುತ್ತದೆ. ಇವತ್ತು ನಡೆದದ್ದು ನಾಳೆ ನಡೆಯುತ್ತದೆಂಬ ಭರವಸೆ ಮಾತ್ರ ಇರುವುದಿಲ್ಲ. ಕೆಟ್ಟರೆ ತಾನೇ ಸರಿಮಾಡಿಕೊಳ್ಳಬಲ್ಲವರು ತಮ್ಮ ಸ್ವಂತ ಮಷೀನಿನಲ್ಲಿ ಅದನ್ನು ಹಾಕಿಕೊಳ್ಳುತ್ತಾರೆ. ಬೇರೆಯವರ ಮಷೀನಿಗೆ ಹಾಕಬಾರದು ಅನ್ನುವುದು ಆಸಿಮ್‌ಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ.

ಅವನು ಮಾಡಿಕೊಟ್ಟ ಎಲ್ಲ ಮಷೀನುಗಳಲ್ಲಿ ಅವನಿಗೆ ತುಂಬ ಹೆಮ್ಮೆ ತಂದದ್ದು ಅಜ್ಜಂಪುರದ ಸುಲೋಚನಮ್ಮನವರ ಲ್ಯಾಪ್‌ಟಾಪ್. ಸುಲೋಚನಮ್ಮ ಕಡೂರಿನ ಹೈಸ್ಕೂಲಿನಲ್ಲಿ ಅವನಿಗೆ ಕನ್ನಡ ಹೇಳಿಕೊಟ್ಟವರು. ಮನೆಯಲ್ಲಿ ದಖನಿ ಉರ್ದು ಆಡಿ ಬೆಳೆದ ಹುಡುಗ ಎಂಟನೇ ಕ್ಲಾಸಿನಲ್ಲಿ ಒಮ್ಮೆ ಎದ್ದು ನಿಂತು "ನಮ್ಮ ಅಬ್ಬಾ ನಾಳೆ ಬರ್ತದೆ ಮೇಡಂ" ಅಂದಾಗ ಇಡೀ ಕ್ಲಾಸು ನಕ್ಕಿತ್ತು. ಅವರು ನಗಲಿಲ್ಲ. ಅದೇ ಮಾತನ್ನು ದಖನಿಯಲ್ಲಿ ಯಾರು ಹೇಳುತ್ತೀರಿ ಎಂದು ಕೇಳಿದರು. ಯಾರಿಗೂ ಬರಲಿಲ್ಲ. "ಅವನಿಗೆ ಒಂದು ಭಾಷೆ ಬರುತ್ತೆ, ಇನ್ನೊಂದು ಕಲೀತಿದಾನೆ. ನೀವಿನ್ನೂ ಒಂದರಲ್ಲೇ ಇದೀರಿ" ಅಂದು ಪಾಠ ಮುಂದುವರಿಸಿದರು. ಆಸಿಮ್ ಆಮೇಲೆ ಕನ್ನಡದಲ್ಲಿ ಯಾವತ್ತೂ ಫೇಲಾಗಲಿಲ್ಲ.

ನಿವೃತ್ತಿಗೆ ಮುಂಚೆಯೇ ಸುಲೋಚನಮ್ಮನವರ ಕಣ್ಣಿನ ಒತ್ತಡ ಏರಿ ದೃಷ್ಟಿ ಕಡಿಮೆಯಾಗುತ್ತ ಬಂತು. ಆಪರೇಷನ್ ಮಾಡಿಸಿದರೂ ಉಳಿಯಲಿಲ್ಲ. ಅಜ್ಜಂಪುರದಲ್ಲಿ ಬಟ್ಟೆ ಹೊಲಿದುಕೊಂಡಿದ್ದ ತಂಗಿ ವಿಮಲಮ್ಮನ ಜೊತೆ ಇರತೊಡಗಿದರು. ಯಾವುದೋ ಕೆಲಸಕ್ಕೆ ಆ ಊರಿಗೆ ಹೋಗಿದ್ದ ಆಸಿಮ್ ವಿಷಯ ತಿಳಿದು ನೋಡಲು ಹೋದಾಗ ವಿಮಲಮ್ಮ ಹೊಲಿಗೆ ಮಷೀನಿನ ಮುಂದೆಯೇ ಕೂತು ಅಕ್ಕನಿಗೆ ಪೇಪರ್ ಓದಿ ಹೇಳುತ್ತಿದ್ದರು.

"ಇವಳು ಓದೋದು ಬರೀ ತಲೆಬರಹ ಕಣೋ" ಎಂದರು ಸುಲೋಚನಮ್ಮ. "ಒಳಗಿಂದೆಲ್ಲ ನುಂಗ್ಬಿಡ್ತಾಳೆ."

ಆಸಿಮ್ ಅದೇ ತಿಂಗಳು ಒಂದು ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಪರದೆಯ ಮೇಲೆ ಇರುವುದನ್ನೆಲ್ಲ ಕನ್ನಡದಲ್ಲಿ ಓದಿ ಹೇಳುವ ಹಾಗೆ ಮಾಡಿ ತಂದುಕೊಟ್ಟ. ಅದರ ದನಿ ತಗಡು ಬಡಿದ ಹಾಗೆ ಇತ್ತು, ಅಕ್ಷರಗಳನ್ನು ಕಚ್ಚಿ ಕಚ್ಚಿ ಹೇಳುತ್ತಿತ್ತು. ಸುಲೋಚನಮ್ಮ ಅದಕ್ಕೆ ಒಗ್ಗಿಕೊಳ್ಳಲು, ಕೀಲಿಗಳನ್ನು ಬೆರಳಿಗೆ ಕಲಿಸಲು ಒಂದು ಮಳೆಗಾಲ ಪೂರ್ತಿ ಬೇಕಾಯಿತು. ಆಮೇಲೆ ಪೇಪರಿನ ಒಂದಕ್ಷರವನ್ನೂ ಬಿಡುತ್ತಿರಲಿಲ್ಲ. ವಚನ ಓದಿಸಿಕೊಂಡರು, ಹಳೇ ವಿದ್ಯಾರ್ಥಿಗಳಿಗೆ ತಾವೇ ಟೈಪು ಮಾಡಿ ಪತ್ರ ಕಳಿಸಿದರು. ಬೆಳಿಗ್ಗೆ ತಿಂಡಿ ಹೊತ್ತಿಗೆ ಆಸಿಮ್‌ಗೆ ಅವರ ಫೋನು ಬರುವುದು ರೂಢಿಯಾಯಿತು. ಇವತ್ತೊಂದು ಸಂದೇಹ, ನಾಳೆ ಇನ್ನೊಂದು. ಆಸಿಮ್ ಕೈಯಲ್ಲಿದ್ದ ಕೆಲಸ ಬಿಟ್ಟು ಉತ್ತರ ಹೇಳುತ್ತಿದ್ದ.

ಈ ಸುದ್ದಿ ತರೀಕೆರೆಯಲ್ಲಿ ಅಂಧರಿಗಾಗಿ ಒಂದು ಚಿಕ್ಕ ಟ್ರಸ್ಟ್ ನಡೆಸುತ್ತಿದ್ದ ಚಂದ್ರಕುಮಾರ್ ಅವರ ಕಿವಿಗೆ ಬಿತ್ತು. ಸುಲೋಚನಮ್ಮನವರನ್ನು ಕರೆಸಿ, ತಮ್ಮಲ್ಲಿಗೆ ಬರುವವರ ಮುಂದೆ ಕಂಪ್ಯೂಟರ್ ಬಳಸಿ ತೋರಿಸಬೇಕೆಂದು ಕೇಳಿಕೊಂಡರು. ಆಸಿಮ್‌ಗೂ ಫೋನ್ ಮಾಡಿ, "ಇದು ಚೆನ್ನಾಗಿ ನಡೆದ್ರೆ ಮೂರು ತಾಲ್ಲೂಕಲ್ಲೂ ಮಷೀನ್ ಕೊಡ್ಸೋ ಯೋಚ್ನೆ ಇದೆ. ಅದನ್ನ ನೋಡ್ಕೊಳ್ಳೋಕೆ ಒಬ್ರು ಬೇಕಾಗ್ತಾರೆ" ಎಂದರು. ಯಾರು ಬೇಕಾಗುತ್ತಾರೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಆಸಿಮ್ ಮಾತ್ರ ಅರ್ಥ ಮಾಡಿಕೊಂಡ.

ಅದೇ ದಿನಗಳಲ್ಲಿ ಅವನಿದ್ದ ಲಿನಕ್ಸ್ ಗೆಳೆಯರ ಫೋನ್ ಗುಂಪಿನಲ್ಲಿ ಯಾರೋ ಒಂದು ಹೊಸ ಕನ್ನಡ ದನಿಯ ತುಣುಕು ಹಾಕಿದರು. ವಾರ್ತೆ ಓದುವವರ ಹಾಗೆ ನಯವಾಗಿ, ಉಸಿರು ಎಳೆದು ಬಿಟ್ಟು ಓದುವ ದನಿ. ಟೆಸ್ಟಿಂಗ್ ಶಾಖೆಯಲ್ಲಿ ಮಾತ್ರ ಸಿಗುತ್ತಿತ್ತು. ಆಸಿಮ್ ಅದನ್ನು ಮತ್ತೆ ಮತ್ತೆ ಕೇಳಿದ. ತರೀಕೆರೆಯ ಸಭೆಯಲ್ಲಿ ಆ ತಗಡಿನ ದನಿ ಕೇಳಿಸಿದರೆ ಜನ ಮುಖ ಕಿವುಚುತ್ತಾರೆ, ಈ ದನಿ ಕೇಳಿಸಿದರೆ ಚಪ್ಪಾಳೆ ತಟ್ಟುತ್ತಾರೆ ಅನ್ನಿಸಿತು.

ಕಾರ್ಯಕ್ರಮಕ್ಕೆ ಎರಡು ದಿನ ಮುಂಚೆ ಅಜ್ಜಂಪುರಕ್ಕೆ ಹೋಗಿ, ಲ್ಯಾಪ್‌ಟಾಪ್ ಕೊಡಿ, ಕ್ಲೀನ್ ಮಾಡಿಕೊಂಡು ನೇರ ತರೀಕೆರೆಗೇ ತರುತ್ತೇನೆ ಎಂದ.

"ಚೆನ್ನಾಗೇ ಇದ್ಯಲ್ಲೋ. ಕಾರ್ಯಕ್ರಮ ಮುಗೀಲಿ, ಆಮೇಲೆ ಮಾಡೀಯಂತೆ" ಎಂದರು ಸುಲೋಚನಮ್ಮ.

"ಫ್ಯಾನಲ್ಲಿ ದೂಳು ಕೂತಿದೆ ಮೇಡಂ. ಅಲ್ಲಿ ಬಿಸಿಯಾಗಿ ನಿಂತ್ರೆ ಕಷ್ಟ" ಎಂದು ಸುಳ್ಳು ಹೇಳಿದ. ಹೊಸ ದನಿಯ ವಿಷಯ ಎತ್ತಲಿಲ್ಲ. ವೇದಿಕೆಯ ಮೇಲೆ ಅವರಿಗೇ ಆಶ್ಚರ್ಯವಾಗಲಿ ಎಂಬ ಆಸೆ.

ಅಂಗಡಿಯಲ್ಲಿ ಕೂತು, ಸಾಫ್ಟ್‌ವೇರನ್ನು ಎಲ್ಲಿಂದ ತರಬೇಕೆಂದು ಮಷೀನಿಗೆ ಹೇಳುವ ಒಂದು ಸಾಲಿನಲ್ಲಿ ಸ್ಟೇಬಲ್ ಅಂತ ಇದ್ದದ್ದನ್ನು ಅಳಿಸಿ ಟೆಸ್ಟಿಂಗ್ ಎಂದು ಬರೆದ. ಒಂದು ಪದ, ಅಷ್ಟೇ. ಮಧ್ಯಾಹ್ನವೆಲ್ಲ ಹೊಸ ಸರಕು ಇಳಿಯಿತು. ನಡುನಡುವೆ ಮಷೀನು ಹೀಗೆ ಮಾಡಲೇ ಹಾಗೆ ಮಾಡಲೇ ಎಂದು ಕೇಳಿದ್ದಕ್ಕೆಲ್ಲ ಸರಿಯಾಗಿ ಓದದೆ ಹೂಂ ಅಂದ. ಕೊನೆಗೆ ಹೊಸ ದನಿ ಮಾತಾಡಿತು. ಊಟದ ಡಬ್ಬಿ ತಂದಿದ್ದ ಹೆಂಡತಿ ಸುಮಯ್ಯ ಕೂಡ ನಿಂತು ಕೇಳಿ, "ರೇಡಿಯೊದವರ ಹಾಗೇ ಇದೆ" ಅಂದಳು. ಬದಲಾವಣೆ ಪೂರ್ತಿಯಾಗಲು ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು ಎಂದು ಪರದೆಯ ಮೇಲೆ ಬರೆದು ಬಂತು. ಚೆನ್ನಾಗಿ ಮಾತಾಡುತ್ತಿರುವುದನ್ನು ಯಾಕೆ ಕೆದಕುವುದು ಅನ್ನಿಸಿ ಆಸಿಮ್ ಹಾಗೇ ಮುಚ್ಚಳ ಮುಚ್ಚಿಟ್ಟ.

ತರೀಕೆರೆಯ ಸಮುದಾಯ ಭವನದಲ್ಲಿ ಅವತ್ತು ಕುರ್ಚಿಗಳೆಲ್ಲ ತುಂಬಿದ್ದವು. ಮುಂದಿನ ಸಾಲುಗಳಲ್ಲಿ ಕಣ್ಣಿಲ್ಲದವರು, ಹಿಂದೆ ಅವರನ್ನು ಕರೆತಂದವರು. ಆಸಿಮ್ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಸ್ಪೀಕರಿನ ವೈರು ಸಿಕ್ಕಿಸುತ್ತಿದ್ದಾಗ ವಿಮಲಮ್ಮನ ಕೈ ಹಿಡಿದು ಬಂದ ಸುಲೋಚನಮ್ಮ, "ಆನ್ ಆಗಿದ್ಯೇನೋ?" ಎಂದು ಕೇಳಿದರು.

"ಹೂಂ ಮೇಡಂ, ರೆಡಿ ಇದೆ."

"ಆಫ್ ಮಾಡು. ಮೊದಲಿಂದ ನಾನೇ ಆನ್ ಮಾಡಿ ತೋರಿಸ್ಬೇಕು. ಯಾರ ಸಹಾಯನೂ ಬೇಡ ಅಂತ ಅವರಿಗೆ ಗೊತ್ತಾಗ್ಬೇಕಲ್ಲ."

ಬದಲಾಯಿಸಿದ ಮೇಲೆ ಮಷೀನನ್ನು ಒಮ್ಮೆಯೂ ಆಫ್ ಮಾಡಿ ಆನ್ ಮಾಡಿಲ್ಲ ಎಂಬುದು ಆಸಿಮ್‌ಗೆ ನೆನಪಾಯಿತು. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಆಫ್ ಮಾಡಿದ.

ಚಂದ್ರಕುಮಾರ್ ಪರಿಚಯ ಮಾಡಿಕೊಟ್ಟ ಮೇಲೆ ಸುಲೋಚನಮ್ಮ ಬೆರಳಲ್ಲಿ ತಡವಿ ಬಟನ್ ಒತ್ತಿದರು. "ಈಗ ಇದು ಏಳುತ್ತೆ. ಎದ್ದ ತಕ್ಷಣ ನನ್ನನ್ನ ಮಾತಾಡಿಸುತ್ತೆ. ಕೇಳಿ" ಎಂದರು. ಮುಂದಿನ ಸಾಲಿನವರು ಕತ್ತು ಎತ್ತಿ ಕಾದರು. ಏನೂ ಕೇಳಿಸಲಿಲ್ಲ. ಅವರು ಪಾಸ್‌ವರ್ಡ್ ಹೊಡೆದರು. ಸದ್ದಿಲ್ಲ. ದನಿಯನ್ನು ಎಬ್ಬಿಸುವ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರು, ಮತ್ತೆ ಒತ್ತಿದರು. "ಸ್ವಲ್ಪ ತಡೀರಿ" ಅಂದರು. ಅವರ ಬೆರಳುಗಳು ಕೀಲಿಗಳ ಮೇಲೆ ಅತ್ತಿತ್ತ ಓಡಾಡುವುದು ಹಿಂದಿನ ಸಾಲಿನವರಿಗೆ ಕಾಣುತ್ತಿತ್ತು.

ಆಸಿಮ್ ವೇದಿಕೆ ಹತ್ತಿ ಬಗ್ಗಿ ನೋಡಿದ. ಪರದೆಯೇನೋ ಎದ್ದಿತ್ತು. ಮೂಲೆಯಲ್ಲಿ ಸ್ಪೀಕರಿನ ಗುರುತಿನ ಮೇಲೆ ಕಾಟು ಹೊಡೆದಿತ್ತು. ಹಳೇ ಧ್ವನಿ ವ್ಯವಸ್ಥೆ ಹೋಗಿದೆ, ಹೊಸದು ಇನ್ನೂ ಕೂತಿಲ್ಲ. ಅಂಗಡಿಯಲ್ಲಿ ಮಾತಾಡಿದ್ದು ಆಫ್ ಮಾಡುವ ತನಕ ಉಳಿದಿದ್ದ ಹಳೆಯದರ ಬಲದಲ್ಲಿ. ನೋಡಿದ ಕೂಡಲೇ ಇಷ್ಟೂ ಅವನಿಗೆ ತಿಳಿಯಿತು. ಇಲ್ಲಿ ನಿಂತು ಸರಿಮಾಡುವ ಕೆಲಸವಲ್ಲ ಅನ್ನುವುದೂ ತಿಳಿಯಿತು.

"ಏನಾಯ್ತು ಆಸಿಮ್?" ಚಂದ್ರಕುಮಾರ್ ಕೇಳಿದರು.

"ಏನಿಲ್ಲ ಸಾರ್. ಮೇಡಂ ಯಾವ್ದೋ ಕೀ ಒತ್ಬಿಟ್ಟಿದಾರೆ, ಸೆಟ್ಟಿಂಗ್ ಹೋಗ್ಬಿಟ್ಟಿದೆ."

ಮೇಜಿನ ಮೇಲಿನ ಮೈಕು ಆನ್ ಆಗಿತ್ತು. ಮಾತು ಭವನದ ತುಂಬ ಕೇಳಿಸಿತು. ಸುಲೋಚನಮ್ಮ ಕೀಲಿಗಳ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಸಭೆಯ ಕಡೆ ಮುಖ ತಿರುಗಿಸಿ, "ಕ್ಷಮಿಸಿ. ನನಗೆ ಅಭ್ಯಾಸ ಸಾಲದು ಅನ್ಸುತ್ತೆ. ವಯಸ್ಸೂ ಆಯ್ತು" ಎಂದರು. ಕಂಪ್ಯೂಟರನ್ನು ಬಿಟ್ಟು ಬರೀ ಬಾಯಲ್ಲಿ ನಾಲ್ಕು ಮಾತಾಡಿದರು. ಕಾರ್ಯಕ್ರಮ ಬೇಗ ಮುಗಿಯಿತು.

ಹೊರಗೆ ಮೆಟ್ಟಿಲ ಬಳಿ ಒಬ್ಬ ಕೋಲಿನಿಂದ ದಾರಿ ತಡವುತ್ತಿದ್ದಾಗ ಆಸಿಮ್ ಕೈಕೊಟ್ಟು ಇಳಿಸಿದ. ಸಖರಾಯಪಟ್ಟಣದ ಹತ್ತಿರದ ಹಳ್ಳಿಯವನು, ಧರ್ಮೇಶ್ ಅಂತ, ಮೂವತ್ತರ ಆಸುಪಾಸು. "ಅಷ್ಟು ಓದಿರೋ ಮೇಡಂಗೇ ಕೈ ಹಿಡೀಲಿಲ್ಲ ಅಂದ್ಮೇಲೆ ನಮ್ಗೆಲ್ಲಿ ಹಿಡಿಯುತ್ತೆ ಬಿಡಿ" ಎಂದು ತನ್ನ ಪಾಡಿಗೆ ಹೇಳಿಕೊಂಡು ಹೋದ. ಕೈಕೊಟ್ಟವನು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

ಅಜ್ಜಂಪುರದ ಬಸ್ಸಿನಲ್ಲಿ ಅಕ್ಕತಂಗಿಯರು ಮುಂದೆ ಕೂತರು, ಆಸಿಮ್ ಅವರ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಊರು ದಾಟಿದ ಮೇಲೆ ಸುಲೋಚನಮ್ಮ ಅರ್ಧ ತಿರುಗಿದರು.

"ಬೇಜಾರು ಮಾಡ್ಕೋಬೇಡ ಕಣೋ. ನೀನು ಇಷ್ಟು ದಿನ ಪಟ್ಟ ಶ್ರಮನೆಲ್ಲ ಹಾಳು ಮಾಡ್ಬಿಟ್ಟೆ ನಾನು."

ಆಗ ಹೇಳಬಹುದಿತ್ತು. ಬಸ್ಸಿನಲ್ಲಿ ಗುರುತಿನವರು ಯಾರೂ ಇರಲಿಲ್ಲ.

"ಪರ್ವಾಗಿಲ್ಲ ಬಿಡಿ ಮೇಡಂ" ಎಂದ ಆಸಿಮ್.

ಟೆಸ್ಟಿಂಗ್‌ಗೆ ಹೋದ ಮಷೀನನ್ನು ಹಿಂದಕ್ಕೆ ಸ್ಟೇಬಲ್‌ಗೆ ನಡೆಸಿಕೊಂಡು ಬರುವ ದಾರಿ ಇಲ್ಲ. ಅಕ್ಕತಂಗಿಯರನ್ನು ಮನೆ ಮುಟ್ಟಿಸಿ ಬಂದ ಆಸಿಮ್ ಅಂಗಡಿಯಲ್ಲಿ ಸುಲೋಚನಮ್ಮನವರ ಬರಹಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟು, ಪೂರ್ತಿ ಅಳಿಸಿ, ಮೊದಲಿನಿಂದ ಸ್ಟೇಬಲ್ ಹಾಕಿ, ಅದೇ ತಗಡಿನ ದನಿಯನ್ನು ಕೂರಿಸಿದ. ಈ ಸಲ ಎಷ್ಟೋ ಬಾರಿ ಆಫ್ ಮಾಡಿ ಆನ್ ಮಾಡಿ ನೋಡಿದ. ಅಜ್ಜಂಪುರಕ್ಕೆ ಒಯ್ದು ಕೊಟ್ಟಾಗ ಸುಲೋಚನಮ್ಮ, "ಅಲ್ಲೆಲ್ಲಾದ್ರೂ ಇಡಪ್ಪ" ಅಂದರು. ಮುಟ್ಟಿ ನೋಡಲಿಲ್ಲ. ಬೆಳಗಿನ ಫೋನು ನಿಂತಿತು. ಸುಮಯ್ಯ ಒಂದು ದಿನ, ಹೊಸ ದನಿ ಜನಕ್ಕೆ ಹಿಡಿಸಿತಾ ಎಂದು ಕೇಳಿದ್ದಕ್ಕೆ ಆಸಿಮ್ ಹೂಂ ಅಂದ.

ಕೆಲವು ವಾರ ಕಳೆದ ಮೇಲೆ ವಿಮಲಮ್ಮನಿಂದ ಫೋನ್ ಬಂತು.

"ಅಕ್ಕ ಆ ಕಡೆ ಕೈನೇ ಹಾಕ್ತಿಲ್ಲ ಕಣಪ್ಪ. ಮತ್ತೆ ನಾನೇ ಪೇಪರ್ ಓದ್ತಿದೀನಿ. ನಿನ್ನೆ ಸುಮ್ನೆ ಕೂತ್ಕೊಂಡು ಬೆರಳು ಮಡಚೋದು, ಬಿಡಿಸೋದು ಮಾಡ್ತಿದ್ಲು. ಏನೇ ಅಕ್ಕ ಅಂದ್ರೆ, ಕಣ್ಣಂತೂ ಹೋಯ್ತು, ಈಗ ಇವಕ್ಕೂ ಮರೆವು ಬಂತೇನೋ ಅಂತ ನೋಡ್ತಿದೀನಿ ಅಂದ್ಲು. ನೀನಾದ್ರೂ ಬಂದು ಒಂದ್ ಮಾತು ಹೇಳು."

ಆಸಿಮ್ ಫೋನ್ ಇಟ್ಟ. ಮುಂದೆ ಬಿಚ್ಚಿಟ್ಟಿದ್ದ ಯಾರದೋ ಮಷೀನನ್ನು ಹಾಗೇ ಬಿಟ್ಟು, ಅರ್ಧ ಷಟರ್ ಎಳೆದು ಮನೆಗೆ ಹೋದ. ಅಡಿಗೆಮನೆಯ ಬಾಗಿಲಲ್ಲಿ ನಿಂತು ಸುಮಯ್ಯನಿಗೆ ನಡೆದದ್ದನ್ನೆಲ್ಲ ಹೇಳಿದ. ಅವಳು ಸಮಾಧಾನ ಹೇಳುತ್ತಾಳೆಂಬ ಆಸೆ ಒಳಗೆಲ್ಲೋ ಇತ್ತು.

"ಮಷೀನ್ ಕೆಟ್ಟಿದ್ದು ಇರಲಿ. ಅವರ ಮೇಲೆ ಯಾಕೆ ಹೇಳಿದಿರಿ?" ಎಂದು ದಖನಿಯಲ್ಲಿ ಕೇಳಿದಳು.

 ಚಂದ್ರಕುಮಾರ್ ಕೇಳಿದಾಗ ಯೋಚನೆ ಮಾಡಿ ಹೇಳಿದ್ದಲ್ಲ; ನಾಲಿಗೆಯ ತುದಿಯಲ್ಲೇ ಇತ್ತು, ಬಂದುಬಿಟ್ಟಿತು. ಅದನ್ನು ನೆನೆದರೆ ಅವನಿಗೆ ಇನ್ನೂ ಹೆಚ್ಚು ನಾಚಿಕೆಯಾಗುತ್ತಿತ್ತು. ಯೋಚಿಸಿ ಹೇಳಿದ್ದರೆ ಯಾವುದೋ ಗಳಿಗೆಯ ಕೆಟ್ಟ ಬುದ್ಧಿ ಅನ್ನಬಹುದಿತ್ತು. ಯೋಚಿಸದೇ ಬಂದಿತೆಂದರೆ, ಕಣ್ಣಿಲ್ಲದವರ ಮೇಲೆ ಹಾಕಿದರೆ ಯಾರೂ ಎರಡನೇ ಮಾತು ಕೇಳುವುದಿಲ್ಲ ಅನ್ನುವ ಲೆಕ್ಕ ಅವನೊಳಗೆ ಮೊದಲೇ ಕೂತಿತ್ತು ಅಂತಾಯಿತಲ್ಲ. ಅದೂ ಸುಲೋಚನಮ್ಮ ಮೇಡಂ ಮೇಲೆ.

ಮಾರನೇ ದಿನ ಬೀರೂರಿಗೆ ಹೋಗಿ ರೈಲು ಹಿಡಿದು ಅಜ್ಜಂಪುರದಲ್ಲಿ ಇಳಿದ. ವಿಮಲಮ್ಮ ಬಾಗಿಲು ತೆಗೆದು, "ಬಂದ್ಯಾ, ಒಳ್ಳೇದಾಯ್ತು" ಎಂದು ಕುರ್ಚಿ ಹಾಕಿದರು. ಆಸಿಮ್ ಕೂರಲಿಲ್ಲ. ನಿಂತುಕೊಂಡೇ ಶುರುಮಾಡಿದ. ಫ್ಯಾನಿನ ದೂಳು ಸುಳ್ಳು ಎಂಬಲ್ಲಿಂದ ಹಿಡಿದು ಮೈಕಿನಲ್ಲಿ ಆಡಿದ ಮಾತಿನ ತನಕ ಹೇಳಿ ನಿಲ್ಲಿಸಿದ. ವಿಮಲಮ್ಮನ ಹೊಲಿಗೆ ಮಷೀನು ನಡುವೆ ಯಾವಾಗಲೋ ನಿಂತಿತ್ತು.

ಸುಲೋಚನಮ್ಮ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿದರು. ಆಮೇಲೆ ಕೇಳಿದರು: "ಅವತ್ತು ನಾನು ಒತ್ತಿದ್ದು ಸರಿ ಇತ್ತಾ?"

"ಒಂದೂ ತಪ್ಪಿರ್ಲಿಲ್ಲ ಮೇಡಂ."

"ಪಾಸ್‌ವರ್ಡು?"

"ಅದೂ ಸರಿ ಇತ್ತು. ಪರದೆ ತೆಗೆದಿತ್ತು."

"ನನಗೆ ಬುದ್ಧಿ ಮಂಕಾಗ್ತಿದೆ ಅಂತ ದಿನಾ ಅಂದ್ಕೊಂತಿದ್ದೆ ಕಣೋ. ಬೆಳಿಗ್ಗೆ ಎದ್ದು ಮಗ್ಗಿ ಹೇಳ್ಕೊಂಡು ನೋಡ್ತಿದ್ದೆ, ಬರುತ್ತೋ ಇಲ್ವೋ ಅಂತ."

"ತಪ್ಪಾಯ್ತು ಮೇಡಂ."

"ಕೆಡ್ಸಿದ್ದು ದೊಡ್ಡದಲ್ಲ. ಎಲ್ಲರ ಮುಂದೆ ಹೆದರಿ ಒಂದು ಮಾತು ಆಡ್ದೆ, ಅದೂ ಹೋಗ್ಲಿ. ಬಸ್ಸಲ್ಲಿ ನಾನು ನಿನ್ ಹತ್ರ ಕ್ಷಮೆ ಕೇಳಿದ್ನಲ್ಲ, ಆಗ ಪರ್ವಾಗಿಲ್ಲ ಅಂದ್ಯಲ್ಲ ನೀನು." ಅವರ ದನಿ ಏರಲಿಲ್ಲ. "ಈಗ ಹೋಗು."

ಆಸಿಮ್ ಹೊರಗೆ ಬಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ವಿಮಲಮ್ಮ ಬಾಗಿಲು ಹಾಕಿದರು. ಅಗುಳಿ ಬಿದ್ದ ಸದ್ದು ಕೇಳಿಸಿತು.

ಅವನು ಸ್ಟೇಷನ್ನಿನಿಂದಲೇ ಚಂದ್ರಕುಮಾರ್‌ಗೆ ಫೋನ್ ಮಾಡಿ ವಿಷಯ ತಿಳಿಸಿ, ಮುಂದಿನ ಸಭೆಯಲ್ಲಿ ಎಲ್ಲರೆದುರು ಹೇಳಲು ಅವಕಾಶ ಕೇಳಿದ. ಅವರಿಗೆ ಸಿಟ್ಟು ಬಂದಿತ್ತು. "ನಮ್ ಟ್ರಸ್ಟಿನ ಕಮಿಟಿಯವರು ಮಷೀನ್ ಕೊಡ್ಸೋ ಯೋಚ್ನೆನೇ ಕೈ ಬಿಟ್ಟಾಯ್ತು. ಈಗ ಹೇಳಿ ಏನ್ರೀ ಪ್ರಯೋಜ್ನ?" ಎಂದರು. ಆದರೂ ಬೇಡ ಅನ್ನಲಿಲ್ಲ. ಸಭೆಯಲ್ಲಿ ಆಸಿಮ್ ಮೈಕು ಹಿಡಿದು, ಅವತ್ತು ತಪ್ಪು ಮೇಡಂದಲ್ಲ, ನನ್ನದು, ಕೇಳದೇ ಮಷೀನ್ ಬದಲಾಯಿಸಿದ್ದೆ, ಆಮೇಲೆ ಸುಳ್ಳು ಹೇಳಿದೆ ಎಂದ. ಬಂದಿದ್ದವರಲ್ಲಿ ಅರ್ಧ ಜನ ಹೊಸಬರು. ಯಾವ ಮೇಡಂ, ಯಾವ ಮಷೀನ್ ಎಂದು ಪಕ್ಕದವರನ್ನು ಕೇಳುತ್ತಿದ್ದರು. ಅವನು ಮಾತು ಮುಗಿಸಿದ ಮೇಲೆ ಒಬ್ಬರು ಎದ್ದು ಪಿಂಚಣಿ ಯಾಕೆ ತಡವಾಗಿದೆ ಎಂದು ವಿಚಾರಿಸಿದರು. ಧರ್ಮೇಶ್ ಬಂದಿರಲಿಲ್ಲ.

ಟ್ರಸ್ಟಿನವರಿಂದ ಅವನ ವಿಳಾಸ ಕೇಳಿಕೊಂಡು ಆಸಿಮ್ ಒಂದು ಶುಕ್ರವಾರ ನಮಾಜು ಮುಗಿಸಿ ಸಖರಾಯಪಟ್ಟಣದ ಬಸ್ಸು ಹತ್ತಿದ. ಅಲ್ಲಿಂದ ಆಟೋ. ಧರ್ಮೇಶ್ ಮನೆಯ ಮುಂದೆ ನೆಟ್ಟ ಗೂಟದ ಮೇಲೆ ತೆಂಗಿನಕಾಯಿ ಸುಲಿಯುತ್ತಿದ್ದ. ಕೈ ನಿಲ್ಲಿಸದೆ ಎಲ್ಲವನ್ನೂ ಕೇಳಿಸಿಕೊಂಡ.

"ಇಷ್ಟು ಹೇಳಕ್ಕೆ ಕಡೂರಿಂದ ಬಂದ್ರಾ? ಫೋನ್ ಮಾಡಿದ್ರೆ ಆಗ್ತಿತ್ತು."

"ಫೋನಲ್ಲಿ ಹೇಳೋ ಮುಖ ಇರ್ಲಿಲ್ಲ."

ಧರ್ಮೇಶ್ ಇನ್ನೊಂದು ಕಾಯಿ ತೆಗೆದುಕೊಂಡ. "ಹಂಗಾದ್ರೆ ಮೇಡಮ್ಮೋರು ಸರಿಯಾಗೇ ಮಾಡಿದ್ರು ಅನ್ನಿ." ಅದನ್ನು ಗೂಟಕ್ಕೆ ಚುಚ್ಚಿ, "ಅವ್ರ ನಂಬರ್ ಇದ್ರೆ ಕೊಡಿ" ಎಂದ.

ಆಮೇಲೆ ಒಂದು ಬೆಳಿಗ್ಗೆ ಆಸಿಮ್‌ನ ಫೋನಿನಲ್ಲಿ ಸುಲೋಚನಮ್ಮನವರ ಹೆಸರು ಕಾಣಿಸಿತು. "ಧರ್ಮೇಶ್ ಅಂತ ಒಬ್ರು ಫೋನ್ ಮಾಡಿದ್ರು. ನೀನು ಹೋಗಿದ್ಯಂತೆ" ಎಂದಷ್ಟೇ ಹೇಳಿ, ಕೀಬೋರ್ಡಿನ ಒಂದು ಕೀ ಅಂಟಿಕೊಳ್ಳುತ್ತಿದೆ, ಬಂದು ನೋಡು ಎಂದರು.

ಆಸಿಮ್ ಹೋದ. ಲ್ಯಾಪ್‌ಟಾಪ್ ಬಿಚ್ಚಲು ಕೂತಾಗ ಸುಲೋಚನಮ್ಮ ಪಕ್ಕದಲ್ಲಿ ಕುರ್ಚಿ ಎಳೆಸಿಕೊಂಡು ಕೂತು, ಅದರ ಅಂಚಿನ ಮೇಲೆ ಒಂದು ಕೈ ಇಟ್ಟರು. "ಇನ್ಮೇಲೆ ನನ್ನ ಮಷೀನ್ ಮುಟ್ಟೋವಾಗ ಏನ್ ಮಾಡ್ತಿದೀಯ ಅಂತ ಬಾಯ್ಬಿಟ್ಟು ಹೇಳ್ಕೊಂಡು ಮಾಡು" ಎಂದರು.

"ಈಗ ಹಿಂದಿನ ಸ್ಕ್ರೂ ಬಿಚ್ತಿದೀನಿ ಮೇಡಂ. ಕೀಬೋರ್ಡ್ ಎತ್ತಿದೆ. ಬ್ರಷ್ ಹಾಕ್ತಿದೀನಿ."

ಒಂದು ಕಡೆ ಮಾತು ನಿಂತಿತು.

"ಯಾಕೆ ಸುಮ್ನಾದೆ?"

"ಒಂದು ಸ್ಕ್ರೂ ಕೆಳಗೆ ಬಿತ್ತು, ಹುಡುಕ್ತಿದೀನಿ."

"ಅದನ್ನೂ ಹೇಳು."

ಈಗಲೂ ಹಾಗೇ ನಡೆದಿದೆ. ಮಷೀನಿಗೆ ಹೊಸದೇನಾದರೂ ಬಂದರೆ ಅದು ಏನು, ಯಾಕೆ, ಹಾಕದಿದ್ದರೆ ಏನಾಗುತ್ತದೆ ಎಂದು ಅವನು ಹೇಳಬೇಕು. ಅವರು ಕೇಳಿ ಹೂಂ ಅಂದರೆ ಮಾತ್ರ ಹಾಕಬೇಕು. ಎಷ್ಟೋ ಸಲ ಬೇಡ ಅನ್ನುತ್ತಾರೆ. ಟ್ರಸ್ಟಿನ ಯೋಜನೆ ಮತ್ತೆ ಏಳಲಿಲ್ಲ. ಧರ್ಮೇಶ್ ಮಾತ್ರ ವಾರಕ್ಕೊಮ್ಮೆ ಬಸ್ಸು ಬದಲಾಯಿಸಿಕೊಂಡು ಅಜ್ಜಂಪುರಕ್ಕೆ ಬಂದು ಸುಲೋಚನಮ್ಮನವರ ಬಳಿ ಕಲಿಯುತ್ತಾನೆ. ಅವನ ಹಿಂದೆ ಇನ್ನಿಬ್ಬರು ಬರತೊಡಗಿದ್ದಾರೆ. ಮೊನ್ನೆ ಆಸಿಮ್ ಹೋದಾಗ ಎಲ್ಲರೂ ಇದ್ದರು. ಅವನ ದನಿ ಗುರುತು ಹಿಡಿದ ಧರ್ಮೇಶ್ ಹೊಸಬರ ಕಡೆ ತಿರುಗಿ, "ಮೇಡಮ್ಮೋರಿಗೆ ಕಂಪ್ಯೂಟರ್ ಮಾಡ್ಕೊಟ್ಟೋರು ಇವ್ರೇ ಕಣ್ರಪ್ಪ. ಭಾಳ ಒಳ್ಳೆ ಮನ್ಷ" ಅಂದ. ಅವರಿಬ್ಬರೂ ದನಿ ಬಂದ ದಿಕ್ಕಿಗೆ ಕೈಮುಗಿದರು.

ಆಸಿಮ್ ತಲೆ ತಗ್ಗಿಸಿದ. ಆ ಕೋಣೆಯಲ್ಲಿ ಅದನ್ನು ನೋಡಬಲ್ಲವರು ವಿಮಲಮ್ಮ ಒಬ್ಬರೇ. ಅವರು ಒಂದು ಗಳಿಗೆ ಅವನ ಮುಖ ನೋಡಿ, ಸೂಜಿಗೆ ದಾರ ಪೋಣಿಸಿಕೊಂಡು ಹೊಲಿಗೆ ಮುಂದುವರಿಸಿದರು.